ಬಾನಿನ ಗುಟ್ಟಿನ ಬೆನ್ನು ಹತ್ತಿದ ಮೇಜರ್

ಹೆಸರು ಬಿಸಿಲೆ. ಆದರೆ ವರ್ಷದ ಅರ್ಧ ಕಾಲ ಅಲ್ಲಿ ಬಿಸಿಲೇ ಇರುವುದಿಲ್ಲ! ಸಕಲೇಶಪುರದಿಂದ ಹೆತ್ತೂರು, ವನಗೂರು ಹಾದು ಕುಕ್ಕೆ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ಈ ಘಾಟಿಯಲ್ಲಿ ಮಳೆ, ಮಂಜು, ಮತ್ತೆ ಮಳೆ. ಮಳೆಗಾಲ ಕಳೆದು ಮುಗಿಲು ತಿಳಿಯಾದ ಮೇಲೆ ಮಾತ್ರ ಅಲ್ಲಿನ ರಾತ್ರಿಯ ಆಕಾಶ ನೋಡುವಂತಿರುತ್ತದೆ. ಪೇಟೆಯ ದೀಪಗಳ ಹಾವಳಿಯಿಲ್ಲ. ಎದುರಿಗೆ ಕುಮಾರ ಪರ್ವತದ ಸಾಲು ಕಪ್ಪಗೆ ಮಲಗಿರುತ್ತದೆ. ಅದರ ನೆತ್ತಿಯ ಮೇಲೆ ಒಂದು ಬೆಳಕು ನಿಂತಿದೆ ಎನ್ನಿ. ಅದು ಗ್ರಹವೋ, ವಿಮಾನವೋ, ಬೆಟ್ಟದಲ್ಲಿ ಯಾರೋ ಹಚ್ಚಿದ ಬೆಂಕಿಯೋ? ಕತ್ತಲಲ್ಲಿ ಕಣ್ಣಿಗೆ ದೂರದ ಅಳತೆ ಸಿಗುವುದಿಲ್ಲ. ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಆನೆಗಳನ್ನು ಅಟ್ಟಲು ರಾತ್ರಿ ಎಚ್ಚರವಿರುವವರಿಗೆ ಇದು ಹೊಸ ಸಂಗತಿಯಲ್ಲ. ಆಚೆ ದಿಣ್ಣೆಯ ಬ್ಯಾಟರಿ ಬೆಳಕು ಒಮ್ಮೊಮ್ಮೆ ನಕ್ಷತ್ರವಾಗುತ್ತದೆ, ನಕ್ಷತ್ರ ಬ್ಯಾಟರಿಯಾಗುತ್ತದೆ.

ಬಿಸಿಲೆಗೆ ದೂರವೇನಲ್ಲದ ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ‘ಫ್ಲೈಯಿಂಗ್ ಸಾಸರ್’ ಎಂಬ ಎರಡು ಭಾಗಗಳ ಪುಸ್ತಕ ಹೊರತಂದಿದ್ದರು. ಕನ್ನಡದ ಎಷ್ಟೋ ಓದುಗರಿಗೆ ಹಾರುವ ತಟ್ಟೆಗಳ ಪರಿಚಯವಾದದ್ದು ಅದರಿಂದಲೇ. ಆದರೆ ಈ ತಟ್ಟೆಗಳನ್ನು ಊರಗಲ ಹಬ್ಬಿಸಿದವರು ಯಾರು? ಆಕಾಶದಲ್ಲಿ ಕಂಡ ಬೆಳಕು ಬೇರೆ ಲೋಕದ್ದು, ಸರ್ಕಾರಕ್ಕೆ ಅದು ಗೊತ್ತಿದೆ, ಗೊತ್ತಿದ್ದೂ ಮುಚ್ಚಿಡುತ್ತಿದೆ ಎಂಬ ಮೂರು ಮಾತುಗಳು ಇಂದಿಗೂ ಜೊತೆಜೊತೆಯಾಗಿಯೇ ಕೇಳಿಬರುತ್ತವೆ. ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದವರಲ್ಲಿ ಮೊದಲಿಗ ಅಮೆರಿಕದ ಒಬ್ಬ ನಿವೃತ್ತ ವೈಮಾನಿಕ, ಮೇಜರ್ ಡೊನಾಲ್ಡ್ ಕೀಹೋ. ಆತನ ಬದುಕು ಆತ ಬರೆದ ಕಥೆಗಳಷ್ಟೇ ಸ್ವಾರಸ್ಯಕರ.

ಪೆಟ್ಟಾದ ಕೈಗೆ ಲೇಖನಿ

ಕೀಹೋ ಹುಟ್ಟಿದ್ದು 1897ರ ಜೂನ್ 20ರಂದು, ಅಯೋವಾ ರಾಜ್ಯದ ಒಟಮ್ವಾ ಎಂಬ ಊರಿನಲ್ಲಿ. ರೈಟ್ ಸಹೋದರರು ಮೊದಲ ಬಾರಿ ವಿಮಾನ ಹಾರಿಸಿದಾಗ ಆತ ಆರು ವರ್ಷದ ಹುಡುಗ. ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ಓದಿ, 1919ರಲ್ಲಿ ಮೆರೀನ್ ದಳದ ಅಧಿಕಾರಿಯಾಗಿ ವೈಮಾನಿಕನಾದ. ಆಗಿನ ವಿಮಾನಗಳೆಂದರೆ ಮರದ ಚೌಕಟ್ಟಿಗೆ ಬಟ್ಟೆ ಬಿಗಿದ ಯಂತ್ರಗಳು. ಬೀಳುವುದು ಅಪರೂಪವೇನಲ್ಲ. 1922ರಲ್ಲಿ ಪೆಸಿಫಿಕ್ ಸಾಗರದ ಗ್ವಾಮ್ ದ್ವೀಪದಲ್ಲಿ ಕೀಹೋನ ವಿಮಾನವೂ ಬಿತ್ತು. ಕೈಗೆ ಬಲವಾದ ಪೆಟ್ಟಾಯಿತು. ಹಾಸಿಗೆಯಲ್ಲಿ ಹೊತ್ತು ಹೋಗದ ವೈಮಾನಿಕ ಕಥೆ ಬರೆಯತೊಡಗಿದ. ಮರುವರ್ಷ ಸೇನೆಯಿಂದ ನಿವೃತ್ತನಾದ.

ನಮ್ಮಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ಜನ ಬಸ್ ಸ್ಟ್ಯಾಂಡಿನಲ್ಲಿ ಕೊಂಡು ಓದುತ್ತಿದ್ದ ಕಾಲವೊಂದಿತ್ತು. ಅಮೆರಿಕದಲ್ಲೂ ಅಂಥ ಅಗ್ಗದ ಕಾಗದದ ರೋಚಕ ಪತ್ರಿಕೆಗಳ ಸಂತೆಯೇ ಇತ್ತು. 1925ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಕೀಹೋನ ಕಥೆ ಅಚ್ಚಾಯಿತು. ಆಮೇಲೆ ‘ಫ್ಲೈಯಿಂಗ್ ಏಸಸ್’ನಂಥ ಪತ್ರಿಕೆಗಳಿಗೆ ಆತ ಸೃಷ್ಟಿಸಿದ ನಾಯಕರನ್ನು ನೋಡಬೇಕು! ಕ್ಯಾಪ್ಟನ್ ಫಿಲಿಪ್ ಸ್ಟ್ರೇಂಜ್ ಮಹಾಯುದ್ಧದ ಗೂಢಚಾರ, ಪರರ ಮನಸ್ಸನ್ನು ಅರಿಯುವ ಅತೀಂದ್ರಿಯ ಶಕ್ತಿಯುಳ್ಳವನು. ರಿಚರ್ಡ್ ನೈಟ್ ಯುದ್ಧದಲ್ಲಿ ಕಣ್ಣು ಕಳೆದುಕೊಂಡವನು, ಆದರೆ ಕತ್ತಲಲ್ಲಿ ಮಾತ್ರ ಆತನಿಗೆ ಎಲ್ಲವೂ ಕಾಣುತ್ತದೆ. ಡಾಕ್ಟರ್ ಯೆನ್ ಸಿನ್ ಎಂಬ ಖಳನ ಬೆನ್ನು ಹತ್ತುವ ಮೈಕೆಲ್ ಟ್ರೇಲ್‌ನಿಗಂತೂ ನಿದ್ದೆಯೇ ಬಾರದು. ಎಲ್ಲರೂ ಯಾರಿಗೂ ಕಾಣದ್ದನ್ನು ಕಾಣುವವರು, ಎಚ್ಚರವಿರುವವರು. ಮುಂದೆ ಕೀಹೋನನ್ನು ಟೀಕಿಸಿದವರು ಈ ಕಥೆಗಳನ್ನು ಎತ್ತಿ ಆಡುವುದನ್ನು ಎಂದೂ ಬಿಡಲಿಲ್ಲ.

ಆದರೆ ಆತ ಬರಿಯ ಕಥೆಗಾರನಾಗಿರಲಿಲ್ಲ. ವಿಮಾನವೆಂದರೆ ಜನ ಹೆದರುತ್ತಿದ್ದ ಆ ಕಾಲದಲ್ಲಿ ಸರ್ಕಾರದ ವಾಣಿಜ್ಯ ಇಲಾಖೆಯಲ್ಲಿ ವಿಮಾನಯಾನದ ಪ್ರಚಾರದ ಕೆಲಸ ಮಾಡಿದ. 1927ರ ಮೇ ತಿಂಗಳಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ದಾಟಿದಾಗ ಅಮೆರಿಕವೇ ಹುಚ್ಚೆದ್ದು ಕುಣಿಯಿತಷ್ಟೆ. ಆ ವರ್ಷವೇ ಲಿಂಡ್‌ಬರ್ಗ್ ಆಗಿನ 48 ರಾಜ್ಯಗಳಿಗೂ ವಿಮಾನದಲ್ಲಿ ಪ್ರವಾಸ ಹೊರಟ. ಜೊತೆಗೆ ಹಾರಿದ ಇನ್ನೊಂದು ವಿಮಾನದಲ್ಲಿದ್ದು ಆ ಪ್ರವಾಸದ ವ್ಯವಸ್ಥೆ ನೋಡಿಕೊಂಡವನು ಕೀಹೋ. ಮರುವರ್ಷ ಆ ಅನುಭವವನ್ನು ‘ಫ್ಲೈಯಿಂಗ್ ವಿತ್ ಲಿಂಡ್‌ಬರ್ಗ್’ ಎಂಬ ಪುಸ್ತಕವಾಗಿಸಿದ. ಎರಡನೇ ಮಹಾಯುದ್ಧದಲ್ಲಿ ಮತ್ತೆ ಸಮವಸ್ತ್ರ ತೊಟ್ಟು ನೌಕಾಪಡೆಯ ವೈಮಾನಿಕ ತರಬೇತಿ ವಿಭಾಗದಲ್ಲಿ ದುಡಿದು ಮೇಜರ್ ಆಗಿ ಹೊರಬಂದ. ಹಾಗಾಗಿ ಸೇನೆಯೊಳಗೆ ಗೆಳೆಯರಿದ್ದರು, ಪತ್ರಿಕೆಗಳಲ್ಲಿ ಹೆಸರಿತ್ತು. ಮುಂದಿನ ಕೆಲಸಕ್ಕೆ ಎರಡೂ ಬೇಕಾದವು.

ಪತ್ರಿಕೆಗಳು ಇಟ್ಟ ಹೆಸರು

1947ರ ಜೂನ್ 24. ಕೆನೆತ್ ಅರ್ನಾಲ್ಡ್ ಎಂಬ ವ್ಯಾಪಾರಿ ತನ್ನ ಪುಟ್ಟ ವಿಮಾನದಲ್ಲಿ ವಾಷಿಂಗ್ಟನ್ ರಾಜ್ಯದ ರೇನಿಯರ್ ಪರ್ವತದ ಬಳಿ ಹಾರುತ್ತಿದ್ದಾಗ ಒಂಬತ್ತು ಹೊಳೆಯುವ ವಸ್ತುಗಳು ಸಾಲಾಗಿ ಸಾಗುವುದನ್ನು ಕಂಡ. ನೀರಿನ ಮೇಲೆ ಎಸೆದ ತಟ್ಟೆ ಪುಟಿಯುತ್ತಾ ಹೋಗುವಂತೆ ಅವು ಚಲಿಸಿದವು ಎಂದು ವರದಿಗಾರರಿಗೆ ವಿವರಿಸಿದ. ಆತ ಹೇಳಿದ್ದು ಚಲನೆಯ ರೀತಿಯನ್ನು. ಪತ್ರಿಕೆಗಳು ಅದನ್ನು ಆಕಾರಕ್ಕೆ ಅಂಟಿಸಿ ‘ಹಾರುವ ತಟ್ಟೆ’ ಎಂದು ಶೀರ್ಷಿಕೆ ಕೊಟ್ಟವು. ಕೆಲವೇ ವಾರಗಳಲ್ಲಿ ದೇಶದ ಎಲ್ಲೆಡೆ ಜನರಿಗೆ ತಟ್ಟೆಗಳೇ ಕಾಣತೊಡಗಿದವು. ಶೀರ್ಷಿಕೆಯ ಶಕ್ತಿ ಅಂಥದ್ದು!

1949ರಲ್ಲಿ ‘ಟ್ರೂ’ ಎಂಬ ಜನಪ್ರಿಯ ಪತ್ರಿಕೆಯ ಸಂಪಾದಕ ಕೆನ್ ಪರ್ಡಿ ಈ ಗೊಂದಲದ ಬುಡ ಹುಡುಕುವ ಕೆಲಸವನ್ನು ಕೀಹೋಗೆ ವಹಿಸಿದ. ಕೀಹೋಗೆ ಆಗ ಇದರಲ್ಲಿ ನಂಬಿಕೆಯೇನೂ ಇರಲಿಲ್ಲ. ಪೆಂಟಗನ್‌ನಲ್ಲಿದ್ದ ಹಳೆಯ ಪರಿಚಿತರ ಬಳಿ ಹೋದ. ಕೆಲವರು ನಕ್ಕರು, ಕೆಲವರು ಮಾತು ಬದಲಿಸಿದರು. ಇಷ್ಟು ಸಣ್ಣ ವಿಷಯವಾದರೆ ಇಷ್ಟೇಕೆ ಬಾಯಿ ಬಿಗಿ ಹಿಡಿಯುತ್ತಾರೆ ಎಂಬ ಪ್ರಶ್ನೆ ಆತನನ್ನು ಕೊರೆಯತೊಡಗಿತು. ಪತ್ರಿಕೆಯ 1950ರ ಜನವರಿ ಸಂಚಿಕೆಯಲ್ಲಿ ಲೇಖನ ಬಂತು. ಹಾರುವ ತಟ್ಟೆಗಳು ನಿಜ, ಅವು ಬೇರೆ ಗ್ರಹದಿಂದ ಬರುತ್ತಿವೆ ಎಂಬುದೇ ಅದರ ತಾತ್ಪರ್ಯ. ಅದನ್ನೇ ಬೆಳೆಸಿ ಅದೇ ವರ್ಷ ಬರೆದ ‘ದಿ ಫ್ಲೈಯಿಂಗ್ ಸಾಸರ್ಸ್ ಆರ್ ರಿಯಲ್’ ಪುಸ್ತಕ ಐದು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು.

ಆತನ ಮನಸ್ಸನ್ನು ತಿರುಗಿಸಿದ ಘಟನೆಗಳಲ್ಲಿ ಒಂದನ್ನು ಸ್ವಲ್ಪ ನಿಂತು ನೋಡಬೇಕು.

ಒಬ್ಬ ವೈಮಾನಿಕನ ಸಾವು

1948ರ ಜನವರಿ 7ರ ಮಧ್ಯಾಹ್ನ. ಕೆಂಟಕಿ ರಾಜ್ಯದ ಗಾಡ್‌ಮನ್ ವಿಮಾನ ನಿಲ್ದಾಣದ ಮೇಲೆ ಎತ್ತರದಲ್ಲಿ ಬೆಳ್ಳಗಿನ ದುಂಡನೆಯ ವಸ್ತುವೊಂದು ಕಾಣಿಸಿತು. ಗೋಪುರದಲ್ಲಿದ್ದವರಿಗೆ ಅದೇನೆಂದು ತಿಳಿಯಲಿಲ್ಲ. ಆ ದಾರಿಯಾಗಿ ಬರುತ್ತಿದ್ದ ನಾಲ್ಕು ಮಸ್ಟಾಂಗ್ ಯುದ್ಧವಿಮಾನಗಳಿಗೆ, ನೋಡಿ ಬರುವಂತೆ ಕೋರಿದರು. ತಂಡದ ನಾಯಕ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್. 25 ವರ್ಷದ ತರುಣ, ಮಹಾಯುದ್ಧ ಕಂಡು ಬಂದವನು. ಉಳಿದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಮ್ಯಾಂಟೆಲ್ ಮಾತ್ರ 20,000 ಅಡಿ ದಾಟಿ ಏರುತ್ತಲೇ ಹೋದ. ಆತನ ಬಳಿ ಆಮ್ಲಜನಕದ ವ್ಯವಸ್ಥೆ ಇರಲಿಲ್ಲ. ಅಷ್ಟೆತ್ತರದಲ್ಲಿ ಗಾಳಿ ತೆಳುವಾಗಿ ಮನುಷ್ಯನ ಪ್ರಜ್ಞೆ ತಪ್ಪುತ್ತದೆ. ವಿಮಾನ ನೆಲಕ್ಕಪ್ಪಳಿಸಿತು. ಮ್ಯಾಂಟೆಲ್ ಸತ್ತ.

ಆತ ಬೆನ್ನಟ್ಟಿದ್ದು ಏನನ್ನು? ಶುಕ್ರಗ್ರಹವನ್ನು ಎಂದಿತು ವಾಯುಪಡೆ. ಕೀಹೋಗೆ ಇದು ಸಹಿಸಲಾಗದ ಮಾತು. ಹಗಲಿನಲ್ಲಿ ಶುಕ್ರ ಕಂಡರೂ ಸೂಜಿಮೊನೆಯಷ್ಟು ಚುಕ್ಕೆ. ಯುದ್ಧ ಕಂಡ ವೈಮಾನಿಕ ಅದರ ಹಿಂದೆ ಓಡಿ ಪ್ರಾಣ ಕಳೆದುಕೊಂಡನೇ? ತಾನೂ ವಿಮಾನದೊಂದಿಗೆ ನೆಲಕ್ಕೆ ಬಿದ್ದು ಎದ್ದವನು. ಸತ್ತ ವೈಮಾನಿಕನನ್ನು ದಡ್ಡನನ್ನಾಗಿ ಮಾಡುವ ಆ ವಿವರಣೆಯ ಮೇಲೆ ಕೀಹೋ ಹರಿಹಾಯ್ದದ್ದು ಸಹಜವೇ. ಮತ್ತು ಈ ಒಂದು ವಿಷಯದಲ್ಲಿ ಆತ ಹೇಳಿದ್ದು ಸರಿಯಾಗಿತ್ತು. ಶುಕ್ರನ ವಿವರಣೆಗೆ ವಾಯುಪಡೆಯೂ ಕೊನೆಯವರೆಗೆ ಅಂಟಿಕೊಂಡು ನಿಲ್ಲಲಿಲ್ಲ.

ಹಾಗಾದರೆ ಅದು ಅನ್ಯಲೋಕದ ನೌಕೆಯೇ? ಅಲ್ಲ. ಆ ಹೊತ್ತಿಗೆ ಅಮೆರಿಕದ ನೌಕಾಪಡೆ ‘ಸ್ಕೈಹುಕ್’ ಎಂಬ ದೈತ್ಯ ಬಲೂನುಗಳನ್ನು ಗುಟ್ಟಾಗಿ ಹಾರಿಸುತ್ತಿತ್ತು. ತೆಳು ಪ್ಲಾಸ್ಟಿಕ್ಕಿನ ಈ ಬಲೂನು ಉಬ್ಬಿದಾಗ ಸುಮಾರು 30 ಮೀಟರ್ ಅಗಲ, ಏರುವ ಎತ್ತರ ಒಂದು ಲಕ್ಷ ಅಡಿಯವರೆಗೆ. ಸೂರ್ಯನ ಬೆಳಕಿಗೆ ಲೋಹದಂತೆ ಹೊಳೆಯುತ್ತದೆ. ಮ್ಯಾಂಟೆಲ್‌ಗೂ ಗೋಪುರದಲ್ಲಿದ್ದವರಿಗೂ ಇಂಥದ್ದೊಂದು ಇದೆಯೆಂಬುದೇ ಗೊತ್ತಿರಲಿಲ್ಲ. ವಾಯುಪಡೆಯ ತನಿಖೆಯ ಮುಖ್ಯಸ್ಥನಾಗಿದ್ದ ಎಡ್ವರ್ಡ್ ರಪ್ಪೆಲ್ಟ್ 1956ರಲ್ಲಿ ಬರೆದ ಪುಸ್ತಕದಲ್ಲಿ ಈ ಬಲೂನಿನ ಕಡೆಗೇ ಬೆರಳು ತೋರಿದ. ಇಂದು ಹೆಚ್ಚಿನವರು ಒಪ್ಪುವ ವಿವರಣೆಯೂ ಅದೇ. ಸರ್ಕಾರ ಗುಟ್ಟು ಮುಚ್ಚಿಟ್ಟದ್ದು ನಿಜ. ಆದರೆ ಮುಚ್ಚಿಟ್ಟದ್ದು ಅನ್ಯಲೋಕದವರನ್ನಲ್ಲ, ತನ್ನದೇ ಬಲೂನನ್ನು.

ಬಲೂನುಗಳ ಕಥೆ ನಮ್ಮ ನಾಡಿಗೂ ಹೊರತಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹೈದರಾಬಾದಿನ ತನ್ನ ಕೇಂದ್ರದಿಂದ ವೈಜ್ಞಾನಿಕ ಅಧ್ಯಯನಕ್ಕೆಂದು ಇಂಥ ಬಲೂನುಗಳನ್ನು ಹಾರಿಸುತ್ತದೆ. ಗಾಳಿ ಬೀಸಿದತ್ತ ಸಾಗಿ ಅವು ಕೆಲವೊಮ್ಮೆ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಇಳಿಯುತ್ತವೆ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಹಳ್ಳಿಯೊಂದರ ಮನೆಯ ಮೇಲೆಯೇ ಒಂದು ಬಂದು ಬಿದ್ದಾಗ ಜನ ಗಾಬರಿಯಾದರು. ಪೊಲೀಸರು ಬಂದು ನೋಡಿ, ಉಪಕರಣ ಯಾರದೆಂದು ತಿಳಿದ ಮೇಲೆ ಸಮಾಧಾನವಾಯಿತು. ಬಲೂನು ಹಾರಿಸುವ ಮೊದಲು ಆ ಸಂಸ್ಥೆ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುತ್ತದೆ. ಮ್ಯಾಂಟೆಲ್‌ಗೆ ಅಂಥ ಒಂದು ಸಾಲಿನ ಸೂಚನೆ ಸಿಕ್ಕಿದ್ದರೆ?

ಮೌನವೇ ಸಾಕ್ಷಿ

1952ರ ಜುಲೈ ತಿಂಗಳ ಎರಡು ವಾರಾಂತ್ಯಗಳಲ್ಲಿ ಅಮೆರಿಕದ ರಾಜಧಾನಿಯ ವಿಮಾನ ನಿಲ್ದಾಣದ ರೇಡಾರ್ ಪರದೆಯ ಮೇಲೆ ಗುರುತಿಲ್ಲದ ಚುಕ್ಕೆಗಳು ಮೂಡಿದವು. ಯುದ್ಧವಿಮಾನಗಳು ಮೇಲೆದ್ದವು. ಜುಲೈ 29ರಂದು ಮೇಜರ್ ಜನರಲ್ ಜಾನ್ ಸ್ಯಾಮ್‌ಫರ್ಡ್ ಪತ್ರಿಕಾಗೋಷ್ಠಿ ಕರೆದು, ಬಿಸಿಗಾಳಿಯ ಪದರ ರೇಡಾರ್ ಅಲೆಗಳನ್ನು ಬಾಗಿಸಿರಬೇಕೆಂದು ಸಮಜಾಯಿಷಿ ಕೊಟ್ಟರು. ಪತ್ರಿಕೆಗಳು ತಣ್ಣಗಾದವು. ಕೀಹೋ ಆಗಲಿಲ್ಲ. ವಾಯುಪಡೆಯ ಪತ್ರಿಕಾ ಅಧಿಕಾರಿ ಆಲ್ಬರ್ಟ್ ಚಾಪ್ ಮೂಲಕ ದೊರೆತ ಹಲವು ವರದಿಗಳನ್ನು ಸೇರಿಸಿ 1953ರಲ್ಲಿ ಎರಡನೇ ಪುಸ್ತಕ ಹೊರತಂದ.

ಅದೇ ವರ್ಷ ಎರಡು ಬೆಳವಣಿಗೆಗಳಾದವು. ಜನವರಿಯಲ್ಲಿ ಸಿಐಎ ಕರೆದ ವಿಜ್ಞಾನಿಗಳ ಸಮಿತಿಯೊಂದು, ತಟ್ಟೆಗಳಿಂದ ದೇಶಕ್ಕೆ ಅಪಾಯವಿಲ್ಲ, ಆದರೆ ಜನರ ಕುತೂಹಲವನ್ನು ಪ್ರಚಾರದ ಮೂಲಕ ತಣಿಸಬೇಕು, ಇದರಲ್ಲಿ ಆಸಕ್ತಿಯಿರುವ ಖಾಸಗಿ ಸಂಘಗಳ ಮೇಲೆ ಕಣ್ಣಿಡಬೇಕು ಎಂದು ಗುಟ್ಟಾಗಿ ಸಲಹೆ ನೀಡಿತು. ಆಗಸ್ಟಿನಲ್ಲಿ ವಾಯುಪಡೆ ಹೊಸ ನಿಯಮ ತಂದಿತು. ಅದರ ಪ್ರಕಾರ ಏನೆಂದು ಗುರುತು ಸಿಕ್ಕ ಪ್ರಕರಣಗಳನ್ನಷ್ಟೇ ಪತ್ರಿಕೆಯವರಿಗೆ ಹೇಳಬಹುದು, ಗುರುತು ಸಿಗದವನ್ನು ಹೇಳಕೂಡದು. ಒಂದು ಇಲಾಖೆ ಜನರ ಅನುಮಾನ ಹೆಚ್ಚಿಸಬೇಕೆಂದೇ ಕುಳಿತು ನಿಯಮ ರಚಿಸಿದ್ದರೂ ಇದಕ್ಕಿಂತ ಚೆನ್ನಾಗಿ ರಚಿಸಲಾಗುತ್ತಿರಲಿಲ್ಲ!

ಕೀಹೋನ ವಾದ ಗಟ್ಟಿಯಾದದ್ದೂ ಹಳಿ ತಪ್ಪಿದ್ದೂ ಇಲ್ಲಿಯೇ. ಅಧಿಕಾರಿ ಮಾತಾಡಿದರೆ ಅದು ಸಾಕ್ಷಿ. ಮಾತಾಡದಿದ್ದರೆ ಅದು ಇನ್ನೂ ದೊಡ್ಡ ಸಾಕ್ಷಿ. ಅಲ್ಲಗಳೆದರಂತೂ ಸಂಶಯವೇ ಬೇಡ. 1955ರಲ್ಲಿ ಬಂದ ಮೂರನೇ ಪುಸ್ತಕದ ಹೆಸರಿನಲ್ಲೇ ‘ಪಿತೂರಿ’ ಎಂಬ ಪದ ಸೇರಿಕೊಂಡಿತ್ತು.

1958ರ ಜನವರಿ 22ರ ಘಟನೆಯಂತೂ ಆತನ ಮಾತಿಗೆ ಮುದ್ರೆ ಒತ್ತಿದಂತಾಯಿತು. ಸಿಬಿಎಸ್ ಟೆಲಿವಿಷನ್ನಿನ ನೇರ ಪ್ರಸಾರದ ಕಾರ್ಯಕ್ರಮಕ್ಕೆ ಕೀಹೋನನ್ನು ಕರೆದಿದ್ದರು. ಏನು ಹೇಳಬೇಕೆಂಬುದನ್ನು ಮೊದಲೇ ಬರೆದು ಒಪ್ಪಿಗೆ ಪಡೆಯಲಾಗಿತ್ತು. ನಡುವೆ ಕೀಹೋ ಕಾಗದ ಬಿಟ್ಟು, ಇದುವರೆಗೆ ಬಹಿರಂಗವಾಗದ ಒಂದು ಸಂಗತಿ ಹೇಳುತ್ತೇನೆಂದು ಶುರು ಮಾಡಿದ. ತಕ್ಷಣ ಧ್ವನಿ ಕಡಿತವಾಯಿತು. ಮನೆಗಳಲ್ಲಿ ಕುಳಿತವರಿಗೆ ಕಂಡದ್ದು ತುಟಿ ಅಲ್ಲಾಡಿಸುವ ಮೇಜರ್ ಮಾತ್ರ. ಒಪ್ಪಿದ ಬರಹ ಬಿಟ್ಟು ಮಾತಾಡಿದ್ದಕ್ಕೆ ಹಾಗೆ ಮಾಡಬೇಕಾಯಿತೆಂಬುದು ಪ್ರಸಾರಕರ ಸಮರ್ಥನೆ. ಆತ ಹೇಳಹೊರಟದ್ದಾದರೂ ಏನು? ಸರ್ಕಾರದ ಗೋಪ್ಯತೆಯ ಬಗ್ಗೆ ಸಂಸತ್ತಿನ ಸಮಿತಿಯೊಂದು ವಿಚಾರಿಸುತ್ತಿದೆ ಎಂಬ ಸಾಧಾರಣ ಸುದ್ದಿ. ಹೇಳಲು ಬಿಟ್ಟಿದ್ದರೆ ಮರುದಿನ ಜನ ಮರೆಯುತ್ತಿದ್ದರೇನೋ. ಬಾಯಿ ಮುಚ್ಚಿಸಿದ್ದರಿಂದ ಅದು ಚರಿತ್ರೆಗೆ ಸೇರಿತು.

ಅಷ್ಟು ಹೊತ್ತಿಗೆ ಆತ ಒಂದು ಸಂಸ್ಥೆಯ ಮುಖ್ಯಸ್ಥನೂ ಆಗಿದ್ದ. 1956ರಲ್ಲಿ ವಾಷಿಂಗ್ಟನ್‌ನಲ್ಲಿ ಹುಟ್ಟಿದ ‘ನಿಕ್ಯಾಪ್’ ಎಂಬ ತನಿಖಾ ಸಂಸ್ಥೆಗೆ ಕೀಹೋ ಮರುವರ್ಷ ನಿರ್ದೇಶಕನಾದ. ಅದರ ಆಡಳಿತ ಮಂಡಳಿಯಲ್ಲಿ ಅಡ್ಮಿರಲ್ ರಾಸ್ಕೋ ಹಿಲೆನ್‌ಕಾಟರ್ ಇದ್ದರು. ಇವರು ಸಿಐಎಯ ಮೊದಲ ನಿರ್ದೇಶಕರಾಗಿದ್ದವರು, ನೌಕಾ ಅಕಾಡೆಮಿಯಲ್ಲಿ ಕೀಹೋನ ಸಹಪಾಠಿ! ಗೂಢಚಾರರ ಯಜಮಾನನೇ ಗುಟ್ಟು ಬಿಡಿ ಎನ್ನುವ ಕಡೆ ಕುಳಿತಿದ್ದರೆ ಜನ ನಂಬದಿರುತ್ತಾರೆಯೇ? ಆದರೆ 1962ರಲ್ಲಿ ಅವರು ಮಂಡಳಿಯನ್ನು ಬಿಟ್ಟು ಹೊರನಡೆದರು.

ಕೀಹೋಗೆ ಸಲ್ಲಬೇಕಾದ ಗೌರವವೊಂದಿದೆ. ಆಗ ಅಮೆರಿಕದಲ್ಲಿ ಶುಕ್ರಗ್ರಹದವರ ಜೊತೆ ಮಾತಾಡಿದೆ, ಅವರ ನೌಕೆಯಲ್ಲಿ ತಿರುಗಾಡಿ ಬಂದೆ ಎಂದು ಹೇಳಿಕೊಂಡು ಭಾಷಣ ಮಾಡುತ್ತಾ ಹಣ ಗಳಿಸುವವರು ಹುಟ್ಟಿಕೊಂಡಿದ್ದರು. ಜಾರ್ಜ್ ಆಡಮ್‌ಸ್ಕಿ ಅವರಲ್ಲಿ ಪ್ರಸಿದ್ಧ. ಕೀಹೋ ಇವರನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ವೈಮಾನಿಕರು, ರೇಡಾರ್ ಸಿಬ್ಬಂದಿ, ಪೊಲೀಸರು ಇಂಥವರ ಹೇಳಿಕೆಗಳನ್ನು ಹೆಚ್ಚಾಗಿ ನೆಚ್ಚಿದ. 1964ರಲ್ಲಿ ನಿಕ್ಯಾಪ್ 700ಕ್ಕೂ ಹೆಚ್ಚು ಪ್ರಕರಣಗಳ ದೊಡ್ಡ ಸಂಪುಟವನ್ನೇ ಪ್ರಕಟಿಸಿ ಸಂಸತ್ ಸದಸ್ಯರ ಮುಂದಿಟ್ಟಿತು.

ಕಣ್ಣು ಹೇಳಿದ ಸುಳ್ಳು

ತರಬೇತಾದ ಕಣ್ಣು ತಪ್ಪುವುದಿಲ್ಲ ಎಂಬುದು ಆ ಸಂಪುಟದ ಬುನಾದಿ. ಬುನಾದಿಯಲ್ಲೇ ಸಮಸ್ಯೆಯಿತ್ತು. 2012ರಲ್ಲಿ ಲಡಾಖಿನ ಗಡಿ ಕಾಯುತ್ತಿದ್ದ ನಮ್ಮ ಸೈನಿಕರು ಸರೋವರವೊಂದರ ಮೇಲೆ ಬೆಳಕು ತೇಲುವುದನ್ನು ಕಂಡರು. ಆರು ತಿಂಗಳಲ್ಲಿ 300ಕ್ಕೂ ಹೆಚ್ಚು ಬಾರಿ ಬರೆದಿಟ್ಟರು. ಗಡಿಯಾಚೆಯಿಂದ ಬರುವ ಪೈಲಟ್‌ರಹಿತ ವಿಮಾನವಿರಬಹುದೇ ಎಂಬ ಗುಮಾನಿ. ಕೊನೆಗೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳನ್ನು ಕೇಳಲಾಯಿತು. ಅವರು ವೇಳೆ, ದಿಕ್ಕು ಲೆಕ್ಕ ಹಾಕಿ ಹೇಳಿದ ಉತ್ತರ: ಒಂದು ಗುರು, ಇನ್ನೊಂದು ಶುಕ್ರ! ಸೈನಿಕರು ಸುಳ್ಳು ಹೇಳಿರಲಿಲ್ಲ, ಕಣ್ಣಿಗೆ ಕಂಡದ್ದನ್ನೇ ಬರೆದಿದ್ದರು. ಎತ್ತರದ ತೆಳುಗಾಳಿಯಲ್ಲಿ ಗ್ರಹಗಳು ಊರಿನಲ್ಲಿ ಕಾಣುವುದಕ್ಕಿಂತ ಬಹಳ ಪ್ರಖರ. ಕೆಂಟಕಿಯಲ್ಲಿ ತಪ್ಪು ಉತ್ತರವಾಗಿದ್ದ ಶುಕ್ರ ಲಡಾಖಿನಲ್ಲಿ ಸರಿಯುತ್ತರವಾಗಿದ್ದ. ಇದು ಹೊರಬಿದ್ದದ್ದು, ಸೇನೆ ತನ್ನ ಟಿಪ್ಪಣಿಗಳನ್ನು ತಿಳಿದವರ ಮುಂದೆ ಬಿಚ್ಚಿಟ್ಟದ್ದರಿಂದ.

ಕೀಹೋನ ಕಾಲದಲ್ಲಿ ಆ ಬಿಚ್ಚುಮನಸ್ಸು ಇರಲಿಲ್ಲ. 1955ರ ಆಗಸ್ಟಿನಲ್ಲಿ ಯು-2 ಎಂಬ ಬೇಹುಗಾರಿಕೆ ವಿಮಾನ ಮೊದಲ ಬಾರಿಗೆ ಹಾರಿತು. ಪ್ರಯಾಣಿಕರ ವಿಮಾನಗಳು 10,000ದಿಂದ 20,000 ಅಡಿಯಲ್ಲಿ ಸಾಗುತ್ತಿದ್ದ ದಿನಗಳವು. ಯು-2 ಹೋಗುತ್ತಿದ್ದುದು 60,000 ಅಡಿಗೂ ಮೇಲೆ. ಸಂಜೆ ನೆಲಕ್ಕೆಲ್ಲ ಕತ್ತಲಾದ ಮೇಲೂ ಅಷ್ಟೆತ್ತರದಲ್ಲಿ ಅದರ ಬೆಳ್ಳಿಯ ರೆಕ್ಕೆಗೆ ಸೂರ್ಯನ ಬೆಳಕು ಬೀಳುತ್ತಿತ್ತು. ಕೆಳಗಿನ ಪೈಲಟ್‌ಗೆ ತಲೆಯ ಮೇಲೆ ಬೆಂಕಿಯ ಚೂರು ಹಾದಂತೆ. ಆತ ವರದಿ ಮಾಡಿದ. ತನಿಖಾಧಿಕಾರಿಗಳು ಸಿಐಎಯನ್ನು ಒಳಗಿಂದೊಳಗೆ ಕೇಳಿ ಸತ್ಯ ತಿಳಿದುಕೊಂಡು, ಹೊರಗೆ ವಾತಾವರಣದ ಭ್ರಮೆ ಎಂದರು. ಐವತ್ತರ ದಶಕದ ಕೊನೆ ಮತ್ತು ಅರವತ್ತರ ದಶಕದ ವರದಿಗಳಲ್ಲಿ ಅರ್ಧಕ್ಕೂ ಹೆಚ್ಚು ಇಂಥ ಬೇಹು ವಿಮಾನಗಳವೇ ಎಂದು ಸಿಐಎಯ ಇತಿಹಾಸಕಾರ ಜೆರಾಲ್ಡ್ ಹೇನ್ಸ್ 1997ರಲ್ಲಿ ಬರೆದರು. ಅರ್ಧ ಎಂಬ ಲೆಕ್ಕ ಹೆಚ್ಚಾಯಿತೆನ್ನುವವರೂ ಇದ್ದಾರೆ. ಆದರೆ ಸುಳ್ಳು ಸಮಜಾಯಿಷಿ ಕೊಟ್ಟದ್ದು ಖರೆ ಎಂದು ಸಂಸ್ಥೆಯ ಕಡೆಯಿಂದಲೇ ಬಂದಂತಾಯಿತು. ಅದನ್ನು ಓದಲು ಮೇಜರ್ ಉಳಿದಿರಲಿಲ್ಲ.

ಕೊನೆಯ ಯೋಜನೆ

ಒತ್ತಡ ಹೆಚ್ಚಿ ಸರ್ಕಾರ 1966ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯಕ್ಕೆ ಅಧ್ಯಯನ ವಹಿಸಿತು. ಭೌತವಿಜ್ಞಾನಿ ಎಡ್ವರ್ಡ್ ಕಾಂಡನ್ ಅದರ ಮುಖ್ಯಸ್ಥರು. ಮೊದಮೊದಲು ನೆರವಾದ ಕೀಹೋ, ಉತ್ತರ ಮೊದಲೇ ನಿಶ್ಚಯವಾಗಿದೆ ಎಂದು ಸಿಟ್ಟಾಗಿ 1968ರಲ್ಲಿ ಕೈ ಬಿಟ್ಟ. ಇದರಿಂದ ವಿಜ್ಞಾನಕ್ಕೆ ಹೊಸದೇನೂ ಸಿಗಲಾರದು ಎಂದಿತು ಕಾಂಡನ್ ವರದಿ. 1969ರ ಡಿಸೆಂಬರಿನಲ್ಲಿ ವಾಯುಪಡೆ ‘ಬ್ಲೂ ಬುಕ್’ ಎಂಬ ತನ್ನ ತನಿಖೆಯನ್ನು ಮುಚ್ಚಿತು. ಒಟ್ಟು ವರದಿಗಳು 12,618, ಗುರುತು ಸಿಗದೆ ಉಳಿದವು 701. ಅದೇ ತಿಂಗಳು, ಸದಸ್ಯರು ಕಡಿಮೆಯಾಗಿ ಹಣದ ಮುಗ್ಗಟ್ಟಿಗೆ ಸಿಲುಕಿದ್ದ ನಿಕ್ಯಾಪ್‌ನ ಆಡಳಿತ ಮಂಡಳಿ ಕೀಹೋನನ್ನು ನಿರ್ದೇಶಕ ಸ್ಥಾನದಿಂದ ಇಳಿಸಿತು. ಹನ್ನೆರಡು ವರ್ಷ ಗುಟ್ಟಿನ ಬಾಗಿಲು ಬಡಿದವನಿಗೆ ಸ್ವಂತ ಮನೆಯ ಬಾಗಿಲೇ ಮುಚ್ಚಿತು.

ಆ 701ರ ಮಾತು ಇಂದಿಗೂ ಮುಗಿದಿಲ್ಲ. 2023ರ ಜುಲೈನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೆದುರು ನೌಕಾಪಡೆಯ ಇಬ್ಬರು ಮಾಜಿ ವೈಮಾನಿಕರು ಮತ್ತು ಒಬ್ಬ ಮಾಜಿ ಗುಪ್ತಚರ ಅಧಿಕಾರಿ ಸಾಕ್ಷ್ಯ ನುಡಿದರು. ಕೀಹೋ ಬಯಸಿದ್ದ ದೃಶ್ಯವೇ ಅದು. 2024ರ ಮಾರ್ಚಿನಲ್ಲಿ ಪೆಂಟಗನ್‌ನ ವರದಿ, ಅನ್ಯಲೋಕದ ಯಂತ್ರಕ್ಕೆ ಪುರಾವೆಯೇ ಇಲ್ಲ ಎಂದಿತು. ಗುರುತು ಸಿಗಲಿಲ್ಲ ಎಂಬುದಕ್ಕೂ ಬೇರೆ ಲೋಕದ್ದು ಎಂಬುದಕ್ಕೂ ನಡುವೆ ಇರುವ ಅಂತರವನ್ನು ಯಾವ ಸಾಕ್ಷ್ಯವೂ ಇನ್ನೂ ದಾಟಿಲ್ಲ.

ಪದಚ್ಯುತನಾದ ಮೇಲೂ ಕೀಹೋ ಸುಮ್ಮನಿರಲಿಲ್ಲ. 1973ರಲ್ಲಿ ‘ಏಲಿಯನ್ಸ್ ಫ್ರಮ್ ಸ್ಪೇಸ್’ ಎಂಬ ಕೊನೆಯ ಪುಸ್ತಕ ಬರೆದ. ಆಗ ಆತನಿಗೆ 76ರ ಪ್ರಾಯ. ಅದರಲ್ಲೊಂದು ಯೋಜನೆಯಿದೆ, ಹೆಸರು ‘ಆಪರೇಷನ್ ಲ್ಯೂರ್’. ಹಳ್ಳಿಯಲ್ಲಿ ಕಾಡುಹಕ್ಕಿ ಹಿಡಿಯಲು ಸಾಕಿದ ಹಕ್ಕಿಯನ್ನು ಮುಂದಿಡುತ್ತಾರಲ್ಲ, ಹೆಚ್ಚು ಕಡಿಮೆ ಅದೇ ಉಪಾಯ. ಜನವಸತಿಯಿಲ್ಲದ ಬಯಲಿನಲ್ಲಿ ಅಣಕು ತಟ್ಟೆಗಳನ್ನು ನಿಲ್ಲಿಸುವುದು. ಪಕ್ಕದಲ್ಲಿ ಮನುಷ್ಯರ ಬದುಕನ್ನು ಪರಿಚಯಿಸುವ ವಸ್ತುಗಳನ್ನು ಇಡುವುದು. ಬೆನ್ನಟ್ಟುವ ಯುದ್ಧವಿಮಾನಗಳಿಲ್ಲ, ಬಂದೂಕಿಲ್ಲ. ಮೇಲಿನಿಂದ ನೋಡಿದವರು ಕುತೂಹಲಕ್ಕಾದರೂ ಇಳಿದು ಬರಬಹುದು. ಅಲ್ಲಿಯವರೆಗೆ ಕಾಯುವುದು.

ವರ್ಜೀನಿಯಾದಲ್ಲಿ ನೆಲೆಸಿದ್ದ ಮೇಜರ್ 1988ರ ನವೆಂಬರ್ 29ರಂದು ತಮ್ಮ 91ನೇ ವಯಸ್ಸಿನಲ್ಲಿ ತೀರಿಕೊಂಡರು. ಅಣಕು ತಟ್ಟೆಗಳ ಆ ಬಯಲನ್ನು ಯಾರೂ ಸಿದ್ಧಪಡಿಸಲಿಲ್ಲ.